ಗದ್ದೆ-ಕೆರೆಗಳ ನೀರುಹಕ್ಕಿಗಳು: ಒಂದರಂತೆ ಒಂದು ಕಾಣುವವನ್ನು ಗುರುತಿಸುವ ಬಗೆ

ಭತ್ತದ ಗದ್ದೆಗೆ ನೀರು ಹರಿಸಿ ಕೆಸರು ಉಳುಮೆ ಪ್ರಾರಂಭಿಸಿದೊಡನೆ ಬಿಳಿಯ ಹಕ್ಕಿಗಳು ನೇಗಿಲಿನ ಹಿಂದೆ ಸಾಲುಗಟ್ಟುತ್ತವೆ. ಎತ್ತಿನ ಬದಲು ಟಿಲ್ಲರ್ ಅಥವಾ ಟ್ರ್ಯಾಕ್ಟರ್ ಇಳಿದರೂ ಅವು ಹಿಂದೆಗೆಯುವುದಿಲ್ಲ. ಅದೇ ದಿನಗಳಲ್ಲಿ ಕೆರೆಯ ಜೊಂಡಿನೊಳಗೆ ಕಪ್ಪು ಕೋಳಿಗಳಂತಹ ಹಕ್ಕಿಗಳು ಓಡಾಡುತ್ತವೆ. ತೂಬಿನ ಕಂಬದ ಮೇಲೆ ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯುತ್ತದೆ. ಇವೆಲ್ಲ ರೈತರ ಕಣ್ಣಿಗೆ ದಿನವೂ ಬೀಳುವ ಹಕ್ಕಿಗಳೇ. ಆದರೆ ದಿನವೂ ಕಾಣುವುದು ಬೇರೆ, ಸರಿಯಾಗಿ ಗುರುತಿಸುವುದು ಬೇರೆ.

ನಾಟಿ ಮಾಡಿದ ನಾಲ್ಕಾರು ದಿನಗಳಲ್ಲಿ ಪೈರು ಬುಡ ಕತ್ತರಿಸಿ ತೇಲತೊಡಗಿದರೆ, ಅಥವಾ ಕೊಳದಲ್ಲಿ ಬಿಟ್ಟ ಮೀನುಮರಿಗಳು ಕಡಿಮೆಯಾದರೆ, ಬೆಳಿಗ್ಗೆ ಎದುರಿಗೆ ಕಂಡ ಹಕ್ಕಿಯ ಮೇಲೆ ದೂರು ಬೀಳುವುದು ಸಹಜ. ಕೆಲವೆಡೆ ಬದುವಿನ ಮೇಲೆ ವಿಷ ಬೆರೆಸಿದ ಕಾಳು ಇಡುವುದೂ ಉಂಟು. ಬೆಳ್ಳಕ್ಕಿ ಕಾಳು ತಿಂದು ಬದುಕುವ ಹಕ್ಕಿಯೇ ಅಲ್ಲ. ಹೀಗಾಗಿ ವಿಷಕ್ಕೆ ಬಲಿಯಾಗುವುದು ಪಾರಿವಾಳ, ಮೈನಾ, ಮನೆಯ ಕೋಳಿ ಮುಂತಾದ ಸಂಬಂಧವಿಲ್ಲದ ಜೀವಿಗಳು. ಹಾನಿ ಮಾಡಿದ್ದು ಮರುದಿನವೂ ಬಂದು ತನ್ನ ಕೆಲಸ ಮುಂದುವರಿಸುತ್ತದೆ.

ಆದುದರಿಂದ ಹತೋಟಿಯ ಮಾತಿಗೆ ಮೊದಲು ಗುರುತಿನ ಮಾತು ಬರಬೇಕು. ಕೀಟದ ಬಾಧೆ ಕಂಡಾಗ ಅದು ಕಾಂಡಕೊರೆಯುವ ಹುಳುವೋ ಜಿಗಿಹುಳುವೋ ಎಂದು ನೋಡದೆ ಔಷಧಿ ಸಿಂಪಡಿಸುವುದು ಹೇಗೆ ವ್ಯರ್ಥವೋ, ಯಾವ ಹಕ್ಕಿ ಎಂದು ತಿಳಿಯದೆ ಓಡಿಸಲು ಹೊರಡುವುದೂ ಹಾಗೆಯೇ ವ್ಯರ್ಥ. ಈ ದೃಷ್ಟಿಯಿಂದ ಗದ್ದೆ ಮತ್ತು ಕೆರೆಗಳಲ್ಲಿ ಒಂದರಂತೆ ಒಂದು ಕಾಣುವ ಮೂರು ಗುಂಪುಗಳನ್ನು ಇಲ್ಲಿ ವಿವರಿಸಲಾಗಿದೆ. ಹಕ್ಕಿಗಳ ಹೆಸರು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವುದರಿಂದ ಹೆಸರಿಗಿಂತ ಲಕ್ಷಣಗಳಿಗೆ ಹೆಚ್ಚು ಗಮನ ಕೊಡುವುದು ಒಳ್ಳೆಯದು.

ನೋಡಬೇಕಾದ ಕ್ರಮ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನೀರುಹಕ್ಕಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಮೈಬಣ್ಣ ಮೊದಲು ಕಣ್ಣಿಗೆ ಬೀಳುವ ಲಕ್ಷಣವಾದರೂ ಅತಿ ಹೆಚ್ಚು ಮೋಸ ಮಾಡುವುದೂ ಅದೇ. ಸಂತಾನಕಾಲದಲ್ಲಿ ಅದು ಬದಲಾಗುತ್ತದೆ, ಮರಿಗಳಲ್ಲಿ ಬೇರೆ ಇರುತ್ತದೆ, ಎದುರು ಬಿಸಿಲಿನಲ್ಲಿ ಬಿಳಿಯೂ ಕಪ್ಪಾಗಿ ಕಾಣುತ್ತದೆ. ಆದುದರಿಂದ ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು ನಿಂತು, ಈ ಕೆಳಗಿನ ಅಂಶಗಳನ್ನು ಕ್ರಮವಾಗಿ ಗಮನಿಸಬೇಕು.

1. ಕೊಕ್ಕು: ಬಣ್ಣ, ಉದ್ದ, ತುದಿಯ ಆಕಾರ. ತುದಿ ಚೂಪಾಗಿದೆಯೇ, ಕೊಕ್ಕೆಯಂತೆ ಬಾಗಿದೆಯೇ ಎಂಬುದು ಮುಖ್ಯ.

2. ಕಾಲು ಮತ್ತು ಪಾದ: ಕಾಲಿನ ಬಣ್ಣ ಬೇರೆ, ಪಾದದ ಬಣ್ಣ ಬೇರೆ ಇರಬಹುದು. ಪಾದ ಕೆಸರಿನಲ್ಲಿ ಹುದುಗಿದ್ದರೆ ಹಕ್ಕಿ ಮೇಲೇಳುವವರೆಗೆ ಕಾಯಬೇಕು.

3. ಕತ್ತು: ನಿಂತಾಗ ಹೇಗೆ, ಹಾರುವಾಗ ಹೇಗೆ. ಬಕ ಮತ್ತು ಬೆಳ್ಳಕ್ಕಿಗಳು ಹಾರುವಾಗ ಕತ್ತನ್ನು ಮಡಚಿ ಭುಜಗಳ ನಡುವೆ ಇಟ್ಟುಕೊಳ್ಳುತ್ತವೆ. ಕೊಕ್ಕರೆ, ಕೆಂಬರಲು, ನೀರುಕಾಗೆಗಳು ಕತ್ತನ್ನು ಮುಂದಕ್ಕೆ ಚಾಚುತ್ತವೆ.

4. ನಡತೆ: ದನದ ಜೊತೆ ನಡೆಯುತ್ತದೆಯೇ, ನೀರಿನಲ್ಲಿ ಅಲುಗದೆ ನಿಲ್ಲುತ್ತದೆಯೇ, ಮುಳುಗುತ್ತದೆಯೇ, ಬಾಲ ಕುಣಿಸುತ್ತದೆಯೇ.

5. ಗಾತ್ರ: ಒಂಟಿ ಹಕ್ಕಿಯ ಗಾತ್ರವನ್ನು ಅಂದಾಜು ಮಾಡುವುದು ಕಷ್ಟ. ಪಕ್ಕದಲ್ಲಿರುವ ಕಾಗೆ, ಕೋಳಿ ಅಥವಾ ದನದ ಕಾಲಿನೊಡನೆ ಹೋಲಿಸಿ ನೋಡುವುದು ಉತ್ತಮ.

ಮೊದಲ ಗುಂಪು: ಬಿಳಿಯ ಹಕ್ಕಿಗಳು

ಜನರು ಬೆಳ್ಳಕ್ಕಿ ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ನಾಲ್ಕು ಜಾತಿಗಳು ಸೇರಿವೆ. ಐದನೆಯದಾದ ಕೊಳದ ಬಕ ಹಾರಿದಾಗ ಮಾತ್ರ ಬೆಳ್ಳಗೆ ಕಾಣುವುದರಿಂದ ಅದನ್ನೂ ಇಲ್ಲಿಯೇ ಸೇರಿಸಲಾಗಿದೆ.

ಗೋವಕ್ಕಿ: ದನದ ಹಿಂಡಿನ ಜೊತೆ, ನೇಗಿಲ ಹಿಂದೆ, ಹುಲ್ಲುಗಾವಲಿನಲ್ಲಿ ಹೆಚ್ಚಾಗಿ ಕಾಣುವ ಹಕ್ಕಿ. ಉದ್ದ ಸುಮಾರು 50 ಸೆಂ.ಮೀ. ನಾಲ್ಕರಲ್ಲಿ ಇದರ ಕತ್ತು ಮತ್ತು ಕೊಕ್ಕು ಅತಿ ಗಿಡ್ಡ. ಕೊಕ್ಕು ಹಳದಿ. ಗಲ್ಲದ ಕೆಳಗೆ ಗರಿಗಳು ಮುಂದಕ್ಕೆ ಬಂದು ದವಡೆ ಊದಿಕೊಂಡಂತೆ ಕಾಣುತ್ತದೆ. ಸಂತಾನಕಾಲದಲ್ಲಿ ತಲೆ, ಕತ್ತು, ಬೆನ್ನು ಕಿತ್ತಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತವೆ. ಇದರ ಮುಖ್ಯ ಆಹಾರ ಮಿಡತೆ, ಚಿಮ್ಮಂಡೆ, ನೊಣ, ಜೇಡ ಮತ್ತು ಸಣ್ಣ ಕಪ್ಪೆಗಳು. ದನ ಹೆಜ್ಜೆ ಇಟ್ಟಾಗ ಹುಲ್ಲಿನಿಂದ ಏಳುವ ಕೀಟಗಳನ್ನು ಹಿಡಿಯುವುದರಿಂದ ಒಂಟಿಯಾಗಿ ಹುಡುಕುವುದಕ್ಕಿಂತ ಕಡಿಮೆ ನಡಿಗೆಯಲ್ಲಿ ಹೆಚ್ಚು ಆಹಾರ ಅದಕ್ಕೆ ದೊರೆಯುತ್ತದೆ. ಟ್ರ್ಯಾಕ್ಟರನ್ನು ಹಿಂಬಾಲಿಸುವುದಕ್ಕೂ ಇದೇ ಕಾರಣ. ಇದು ಮೀನು ಹಿಡಿಯುವುದು ಅಪರೂಪ, ಪೈರು ತಿನ್ನುವುದಿಲ್ಲ.

ಸಣ್ಣ ಬೆಳ್ಳಕ್ಕಿ: ಉದ್ದ ಸುಮಾರು 60 ರಿಂದ 65 ಸೆಂ.ಮೀ. ಮೈ ತೆಳ್ಳಗೆ, ಕತ್ತು ಸಣ್ಣಗೆ. ಬೆಳೆದ ಹಕ್ಕಿಯ ಕೊಕ್ಕು ವರ್ಷವಿಡೀ ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಕಪ್ಪು ಕಾಲಿಗೆ ಹಳದಿ ಕಾಲುಚೀಲ ತೊಡಿಸಿದಂತೆ ಕಾಣುವ ಈ ಗುರುತೊಂದೇ ಬಹುಮಟ್ಟಿಗೆ ಸಾಕು. ಸಂತಾನಕಾಲದಲ್ಲಿ ನೆತ್ತಿಯ ಹಿಂದೆ ಎರಡು ಉದ್ದನೆಯ ಗರಿಗಳು ಇಳಿಬೀಳುತ್ತವೆ. ಆಳವಿಲ್ಲದ ನೀರಿನಲ್ಲಿ ಪಾದದಿಂದ ಕೆಸರು ಕಲಕಿ, ಹೊರಬಂದ ಸಣ್ಣ ಮೀನು, ಗೊದಮೊಟ್ಟೆ, ನೀರಿನ ಕೀಟಗಳನ್ನು ಹಿಡಿಯುತ್ತದೆ. ಕರಾವಳಿಯ ಅಳಿವೆ ಮತ್ತು ಗಜನಿ ಗದ್ದೆಗಳಲ್ಲಿ ಇದನ್ನು ಹೋಲುವ ಕಡಲತೀರದ ಬಕವೂ ಇದೆ. ಅದರಲ್ಲಿ ಬೂದು ಮತ್ತು ಬಿಳಿ ಎಂಬ ಎರಡು ಬಗೆಗಳಿದ್ದು, ಬಿಳಿಯದರ ಕೊಕ್ಕು ಕಪ್ಪಾಗಿರದೆ ಹಳದಿ ಮಿಶ್ರಿತ ಕಂದಾಗಿ, ಸ್ವಲ್ಪ ದಪ್ಪಗಿರುತ್ತದೆ.

ಮಧ್ಯಮ ಬೆಳ್ಳಕ್ಕಿ: ಉದ್ದ ಸುಮಾರು 65 ರಿಂದ 70 ಸೆಂ.ಮೀ. ಹೆಚ್ಚು ತಪ್ಪಾಗುವುದು ಇದರ ವಿಷಯದಲ್ಲಿಯೇ. ಸಾಮಾನ್ಯ ದಿನಗಳಲ್ಲಿ ಕೊಕ್ಕು ಹಳದಿ ಇರುವುದರಿಂದ ಗೋವಕ್ಕಿಯೆಂದೂ, ಸಂತಾನಕಾಲದಲ್ಲಿ ಕೊಕ್ಕು ಕಪ್ಪಾಗುವುದರಿಂದ ಸಣ್ಣ ಬೆಳ್ಳಕ್ಕಿಯೆಂದೂ ಭ್ರಮೆಯಾಗುತ್ತದೆ. ಆಗ ಪಾದ ನೋಡಬೇಕು. ಇದರ ಕಾಲೂ ಕಪ್ಪು, ಪಾದವೂ ಕಪ್ಪು. ಕತ್ತು ಗೋವಕ್ಕಿಗಿಂತ ಸಾಕಷ್ಟು ಉದ್ದ.

ದೊಡ್ಡ ಬೆಳ್ಳಕ್ಕಿ: ಉದ್ದ 90 ಸೆಂ.ಮೀ.ಗೂ ಹೆಚ್ಚು. ಕತ್ತು ಬಹಳ ಉದ್ದವಾಗಿದ್ದು, ಮಧ್ಯದಲ್ಲಿ ಮೂಳೆ ಮುರಿದಂತೆ ಎದ್ದು ಕಾಣುವ ಒಂದು ಮಡಿಕೆ ಇರುತ್ತದೆ. ಇದರ ಕೊಕ್ಕೂ ಸಾಮಾನ್ಯವಾಗಿ ಹಳದಿ, ಸಂತಾನಕಾಲದಲ್ಲಿ ಕಪ್ಪು. ಪಾದ ಕಪ್ಪು. ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗಳನ್ನು ಬೇರ್ಪಡಿಸಲು ನಂಬಿಕೆಯ ಗುರುತು ಬಾಯಿಯ ಸೀಳು. ಮಧ್ಯಮದಲ್ಲಿ ಈ ಗೆರೆ ಕಣ್ಣಿನ ಕೆಳಗೆ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ.

ಕೊಳದ ಬಕ: ಸುಮಾರು 45 ಸೆಂ.ಮೀ. ಬದುವಿನ ಮೇಲೆ ಕುಗ್ಗಿ ಕುಳಿತಾಗ ಕಂದು ಗೆರೆಗಳ ಮಣ್ಣಿನ ಹೆಂಟೆಯಂತೆ ಕಾಣುವ ಈ ಹಕ್ಕಿ ಹತ್ತಿರ ಹೋದಾಗ ಹಠಾತ್ತನೆ ಬಿಳಿಯ ರೆಕ್ಕೆ ಬಿಚ್ಚಿ ಹಾರುತ್ತದೆ. ಸಂತಾನಕಾಲದಲ್ಲಿ ಬೆನ್ನು ಕಡುಗೆಂಪು ಮಿಶ್ರಿತ ಕಂದಾಗುತ್ತದೆ. ಕಪ್ಪೆ, ಸಣ್ಣ ಮೀನು, ಕೀಟಗಳಲ್ಲದೆ ಏಡಿಯನ್ನೂ ಹಿಡಿದು ತಿನ್ನುತ್ತದೆ. ಗದ್ದೆಯ ಏಡಿ ಬದು ಕೊರೆದು ನೀರು ಸೋರಿಸುವುದಲ್ಲದೆ ಎಳೆ ಪೈರನ್ನೂ ಕತ್ತರಿಸುತ್ತದೆ ಎಂಬುದನ್ನು ನೆನೆದರೆ, ಬದುವಿನ ಮೇಲೆ ಕುಳಿತ ಬಕ ಕೂಲಿಯಿಲ್ಲದ ಕಾವಲುಗಾರ ಎನ್ನಬಹುದು.

ಈ ಐದೂ ಹಕ್ಕಿಗಳಲ್ಲಿ ಭತ್ತವನ್ನು ತಿನ್ನುವುದು ಒಂದೂ ಇಲ್ಲ. ಆಗತಾನೆ ನಾಟಿ ಮಾಡಿದ ಸಾಲಿನಲ್ಲಿ ಓಡಾಡುವಾಗ ಅಲ್ಲೊಂದು ಇಲ್ಲೊಂದು ಸಸಿ ತುಳಿತಕ್ಕೆ ಸಿಕ್ಕಬಹುದು, ಅಷ್ಟೇ. ಸಣ್ಣ, ಮಧ್ಯಮ, ದೊಡ್ಡ ಬೆಳ್ಳಕ್ಕಿಗಳು ಮೀನು ಹಿಡಿಯುವುದು ನಿಜವಾದರೂ ಅವು ಮುಳುಗಲಾರವು, ಕಾಲಿನ ಉದ್ದದಷ್ಟು ಆಳದಲ್ಲಿ ಮಾತ್ರ ಬೇಟೆಯಾಡುತ್ತವೆ. ಆದುದರಿಂದ ಮೀನು ಕೊಳದ ಅಂಚನ್ನು ಇಳಿಜಾರಾಗಿ ಬಿಡದೆ ಕಡಿದಾಗಿ ಕತ್ತರಿಸಿದರೆ ಅವುಗಳ ಕಾಟ ತಾನಾಗಿ ತಗ್ಗುತ್ತದೆ.

ದೂರದಿಂದ ಬೆಳ್ಳಕ್ಕಿಯೆಂದು ತಪ್ಪು ತಿಳಿಯುವ ಇನ್ನೊಂದು ಹಕ್ಕಿ ಬಾಯ್ಕಳಕ ಕೊಕ್ಕರೆ. ಇದರ ಮೈ ಮಾಸಲು ಬಿಳಿ, ರೆಕ್ಕೆಯ ಹಿಂಬದಿ ಕಪ್ಪು, ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು. ಹಾರುವಾಗ ಕತ್ತು ಚಾಚಿರುತ್ತದೆ. ಇದರ ಮುಖ್ಯ ಆಹಾರ ಕೆರೆ ಮತ್ತು ಗದ್ದೆಗಳ ಬಸವನಹುಳು. ಇದರಿಂದಲೂ ಬೆಳೆಗೆ ಕೇಡಿಲ್ಲ.

ಎರಡನೆಯ ಗುಂಪು: ಕಪ್ಪು ಮುಳುಗುಹಕ್ಕಿಗಳು

ಮೀನು ಸಾಕುವವರಿಗೆ ಮುಖ್ಯವಾದ ಗುಂಪು ಇದು. ನಾಲ್ಕೂ ಕಪ್ಪು, ನಾಲ್ಕೂ ಮೀನು ತಿನ್ನುತ್ತವೆ, ನಾಲ್ಕೂ ನೀರಿನಿಂದ ಬಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಆದರೆ ಹಿಡಿಯುವ ಮೀನಿನ ಗಾತ್ರದಲ್ಲಿ ವ್ಯತ್ಯಾಸವಿದೆ.

ಸಣ್ಣ ನೀರುಕಾಗೆ: ಸುಮಾರು 50 ಸೆಂ.ಮೀ. ಕೊಕ್ಕು ಗಿಡ್ಡ, ಹಣೆ ನೆಟ್ಟಗೆ, ಕತ್ತು ಗಿಡ್ಡ, ಬಾಲ ಮೈಗೆ ಹೋಲಿಸಿದರೆ ಉದ್ದ. ಸಂತಾನಕಾಲವಲ್ಲದಾಗ ಗಂಟಲಲ್ಲಿ ಬಿಳುಪು ಕಾಣುತ್ತದೆ. ಹಳ್ಳಿಯ ಕಟ್ಟೆ, ಕುಂಟೆಗಳಿಗೂ ಬರುವುದು ಹೆಚ್ಚಾಗಿ ಇದೇ. ಸಣ್ಣ ಮೀನುಗಳನ್ನೇ ಹಿಡಿಯುವುದರಿಂದ ಹೊಸದಾಗಿ ಬಿತ್ತನೆ ಮಾಡಿದ ಮರಿಗಳಿಗೆ ಇದರ ಭಯ ಉಂಟು.

ನಡುಗಾತ್ರದ ನೀರುಕಾಗೆ: ಸುಮಾರು 63 ಸೆಂ.ಮೀ. ಕೊಕ್ಕು ಸಪೂರ ಮತ್ತು ಉದ್ದ, ತುದಿ ಕೊಕ್ಕೆಯಂತೆ ಬಾಗಿದೆ. ತಲೆ ಚಪ್ಪಟೆ. ಕಣ್ಣು ನೀಲಿ ಮಿಶ್ರಿತ ಹಸಿರು. ಗುಂಪಾಗಿ ಮೀನು ಅಟ್ಟಿ ಹಿಡಿಯುವುದುಂಟು.

ದೊಡ್ಡ ನೀರುಕಾಗೆ: 80 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು, ಬಾತುಕೋಳಿಗಿಂತ ದಪ್ಪ. ಕೊಕ್ಕು ಬಲವಾದುದು. ಮುಖದ ಹಳದಿ ಚರ್ಮದ ಸುತ್ತ ಬಿಳಿ ಪಟ್ಟಿ ಇದೆ. ಸಂತಾನಕಾಲದಲ್ಲಿ ತೊಡೆಯ ಬಳಿ ಬಿಳಿಯ ಮಚ್ಚೆ ಕಾಣುತ್ತದೆ. ದೊಡ್ಡ ಕೆರೆ, ನದಿ, ಜಲಾಶಯಗಳ ಹಕ್ಕಿ.

ಹಾವಕ್ಕಿ: ಸುಮಾರು 90 ಸೆಂ.ಮೀ. ಇದರ ಮೈ ನೀರಿನಲ್ಲಿ ಪೂರ್ತಿ ಮುಳುಗಿ ಸಪೂರ ಕತ್ತು ಮಾತ್ರ ಹಾವಿನಂತೆ ಮೇಲೆ ಕಾಣುತ್ತದೆ. ಕೊಕ್ಕು ಬಾಕುವಿನಂತೆ ನೇರ ಮತ್ತು ಚೂಪು, ತುದಿಯಲ್ಲಿ ಕೊಕ್ಕೆ ಇಲ್ಲ. ನೀರುಕಾಗೆಗಳು ಮೀನನ್ನು ಕಚ್ಚಿ ಹಿಡಿದರೆ, ಹಾವಕ್ಕಿ ತಿವಿದು ಹಿಡಿಯುತ್ತದೆ. ಬೆನ್ನಿನ ಮೇಲೆ ಬೆಳ್ಳಿಯ ಗೆರೆಗಳಿವೆ. ನೀರುಕಾಗೆಗಳಿಗಿಂತ ಇದು ವಿರಳ. ನೀರುಕಾಗೆಯೆಂದು ತಿಳಿದು ಇದನ್ನು ಹೊಡೆಯುವುದು ದೊಡ್ಡ ನಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಒಟ್ಟಿಗೇ ಗೂಡು ಕಟ್ಟುವುದರಿಂದ ಇವುಗಳ ವ್ಯತ್ಯಾಸವನ್ನು ಒಂದೆಡೆ ನೋಡಿ ಕಲಿಯಲು ಅದು ಅನುಕೂಲ ಸ್ಥಳ.

ಇವುಗಳ ಜೊತೆ ಗುಳುಮುಳುಕನನ್ನು ಸೇರಿಸಬಾರದು. ಸುಮಾರು 27 ಸೆಂ.ಮೀ. ಉದ್ದದ, ಬಾಲವೇ ಇಲ್ಲದಂತೆ ಕಾಣುವ, ಹತ್ತಿಯ ಉಂಡೆಯಂತೆ ತೇಲುವ ಹಕ್ಕಿ ಇದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಳುಗಿ ಬೇರೆಡೆ ಏಳುತ್ತದೆ. ಮರದ ಮೇಲೆ ಕೂರುವುದಿಲ್ಲ, ರೆಕ್ಕೆ ಹರಡಿ ನಿಲ್ಲುವುದಿಲ್ಲ. ಸಣ್ಣ ಮೀನನ್ನೂ ತಿನ್ನುತ್ತದಾದರೂ ನೀರಿನ ಕೀಟಗಳು ಮತ್ತು ಗೊದಮೊಟ್ಟೆಗಳು ಇದರ ಆಹಾರದಲ್ಲಿ ಸೇರಿವೆ. ಮರಿ ಸಾಕುವ ಕೊಳಗಳಲ್ಲಿ ನೀರುತಿಗಣೆ ಮತ್ತು ನೀರುಜೀರುಂಡೆಗಳು ಮೀನುಮರಿಗಳನ್ನು ಕೊಲ್ಲುತ್ತವೆ ಎಂಬುದನ್ನು ಮೀನು ಕೃಷಿಕರು ಬಲ್ಲರು.

ಮೂರನೆಯ ಗುಂಪು: ಜೊಂಡಿನ ಕೋಳಿಗಳು

ಭತ್ತದ ಬೆಳೆಗಾರರು ಹೆಚ್ಚು ಎಚ್ಚರದಿಂದ ನೋಡಬೇಕಾದ ಗುಂಪು ಇದು. ಇದರಲ್ಲಿ ಮಾತ್ರ ಪೈರಿಗೆ ನಿಜವಾದ ಹಾನಿ ಮಾಡುವ ಹಕ್ಕಿ ಇದೆ.

ನಾಮದ ಕೋಳಿ: ಸುಮಾರು 40 ಸೆಂ.ಮೀ. ಮೈ ಕಡುಬೂದು ಮಿಶ್ರಿತ ಕಪ್ಪು. ಕೊಕ್ಕು ಮತ್ತು ಹಣೆಯ ಮೇಲಿನ ಫಲಕ ಅಚ್ಚ ಬಿಳಿ. ಹೆಸರು ಬಂದದ್ದೂ ಈ ನಾಮದಿಂದಲೇ. ಬಾತಿನಂತೆ ತೆರೆದ ನೀರಿನಲ್ಲಿ ಗುಂಪಾಗಿ ತೇಲುತ್ತದೆ, ಹಾರುವ ಮೊದಲು ನೀರಿನ ಮೇಲೆ ಪಟಪಟನೆ ಓಡುತ್ತದೆ. ಬೆರಳುಗಳಿಗೆ ಎಲೆಯಂತಹ ಚರ್ಮದ ಅಂಚುಗಳಿವೆ. ಮುಖ್ಯವಾಗಿ ನೀರಿನ ಸಸ್ಯಗಳನ್ನು ತಿನ್ನುತ್ತದೆ.

ನೀರುಕೋಳಿ: ಸುಮಾರು 32 ಸೆಂ.ಮೀ. ಹಣೆಯ ಫಲಕ ಮತ್ತು ಕೊಕ್ಕು ಕೆಂಪು, ಕೊಕ್ಕಿನ ತುದಿ ಹಳದಿ. ಪಕ್ಕೆಯ ಉದ್ದಕ್ಕೂ ಮುರಿದ ಬಿಳಿ ಗೆರೆ. ಬಾಲದ ಕೆಳಗೆ ಬಿಳುಪು ಇದ್ದು, ನಡೆಯುವಾಗ, ಈಜುವಾಗ ಬಾಲವನ್ನು ಮೇಲಕ್ಕೆ ಚಿಮ್ಮುತ್ತಿರುತ್ತದೆ. ಜೊಂಡಿನ ಅಂಚನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ.

ನೇರಳೆ ಜಂಬುಕೋಳಿ: ಸುಮಾರು 45 ಸೆಂ.ಮೀ. ಮೈ ನೀಲಿ ಮಿಶ್ರಿತ ನೇರಳೆ. ಮೋಡ ಕವಿದಾಗ ಮತ್ತು ಮುಂಜಾವಿನಲ್ಲಿ ಕಪ್ಪಾಗಿಯೇ ಕಾಣುತ್ತದೆ. ಕೊಕ್ಕು ದಪ್ಪ ಮತ್ತು ಕೆಂಪು, ಹಣೆ ಕೆಂಪು, ಉದ್ದನೆಯ ಕಾಲು ಮತ್ತು ಬೆರಳುಗಳು ಕೂಡ ಕೆಂಪು. ಈಜುವುದಕ್ಕಿಂತ ಜೊಂಡಿನ ಮೇಲೆ ನಡೆದಾಡುವುದೇ ಹೆಚ್ಚು. ಜೊಂಡಿನ ಪಕ್ಕದ ಗದ್ದೆಗೆ ಇಳಿದು ಭತ್ತದ ಎಳೆಯ ತೆಂಡೆಗಳನ್ನು ಕತ್ತರಿಸಿ ಒಳಗಿನ ಮೆತ್ತನೆಯ ಭಾಗವನ್ನು ತಿನ್ನುತ್ತದೆ. ತಿನ್ನುವುದಕ್ಕಿಂತ ಕಿತ್ತು ಹಾಕುವುದು ಮತ್ತು ತುಳಿಯುವುದು ಹೆಚ್ಚು. ನೀರು ನಿಂತ ಗದ್ದೆಯಲ್ಲಿಯೇ ಪೈರು ಬಾಗಿಸಿ ಗೂಡು ಕಟ್ಟುವುದೂ ಉಂಟು.

ಹುಂಡುಕೋಳಿ: ಸುಮಾರು 32 ಸೆಂ.ಮೀ. ಮೇಲ್ಭಾಗ ಕಪ್ಪು ಬೂದು. ಮುಖ, ಗಂಟಲು, ಎದೆ ಅಚ್ಚ ಬಿಳಿ. ಬಾಲದ ಕೆಳಗೆ ಇಟ್ಟಿಗೆಯ ಕೆಂಪು. ಬೇಲಿ, ಬದು, ಬಾಳೆಯ ಬುಡ, ಮನೆಯ ಹಿತ್ತಲಿನವರೆಗೂ ಬರುತ್ತದೆ. ಮಳೆಗಾಲದಲ್ಲಿ ರಾತ್ರಿಯೂ ಎಡೆಬಿಡದೆ ಕೂಗುವುದು ಇದೇ. ಹುಳು, ಕೀಟ, ಬಸವನಹುಳುಗಳ ಜೊತೆಗೆ ಕಾಳು, ಬೀಜಗಳನ್ನೂ ತಿನ್ನುತ್ತದೆ.

ಈ ಗುಂಪಿನಲ್ಲಿ ಮರಿಗಳು ತಪ್ಪು ದಾರಿಗೆ ಎಳೆಯುತ್ತವೆ. ನಾಮದ ಕೋಳಿಯ ಮರಿಗೆ ನಾಮ ಇನ್ನೂ ಮೂಡಿರುವುದಿಲ್ಲ, ಗಂಟಲು ಎದೆಗಳಲ್ಲಿ ಬಿಳುಪು ಇರುವುದರಿಂದ ಹುಂಡುಕೋಳಿಯೆನಿಸುತ್ತದೆ. ಆಗ ಬಾಲದ ಕೆಳಭಾಗ ನೋಡಬೇಕು. ಇಟ್ಟಿಗೆ ಕೆಂಪು ಇಲ್ಲದಿದ್ದರೆ ಅದು ಹುಂಡುಕೋಳಿ ಅಲ್ಲ. ನೀರುಕೋಳಿಯ ಮರಿ ಕಂದಾಗಿದ್ದು ಹಣೆಯ ಕೆಂಪು ಇಲ್ಲದಿದ್ದರೂ ಬಾಲದ ಕೆಳಗಿನ ಬಿಳುಪು ಮತ್ತು ಬಾಲ ಚಿಮ್ಮುವ ಅಭ್ಯಾಸ ಅದನ್ನು ಹೇಳಿಕೊಡುತ್ತವೆ.

ಹಾನಿ ಯಾರದು? ಕೆಸರಿನ ಗುರುತುಗಳು

ಪೈರು ಹಾಳಾದುದು ಕಂಡ ಕೂಡಲೆ ಆಕಾಶ ನೋಡುವ ಬದಲು ನೆಲ ನೋಡುವುದು ಸರಿಯಾದ ಕ್ರಮ. ಬೆಳಿಗ್ಗೆ ಗದ್ದೆಗೆ ಯಾರೂ ಇಳಿಯುವ ಮೊದಲು ಹೋಗಿ ಈ ಕೆಳಗಿನವನ್ನು ಪರೀಕ್ಷಿಸಬೇಕು.

ಇಲಿ: ತೆಂಡೆಗಳು ಬುಡದ ಹತ್ತಿರ ಓರೆಯಾಗಿ ಕತ್ತರಿಸಿರುತ್ತವೆ. ಹಾನಿ ಹೆಚ್ಚಾಗಿ ಗದ್ದೆಯ ಒಳಭಾಗದಲ್ಲಿದ್ದು, ಅಂಚಿನ ಸಾಲುಗಳು ಉಳಿದಿರುತ್ತವೆ. ಬದುವಿನಲ್ಲಿ ಬಿಲ, ಹೊಸ ಮಣ್ಣು ಕಾಣುತ್ತದೆ.

ಏಡಿ: ಎಳೆಯ ಸಸಿಗಳು ನೆಲಮಟ್ಟಕ್ಕೆ ಕತ್ತರಿಸಿರುತ್ತವೆ. ಹಾನಿ ಬದುವಿನ ಪಕ್ಕದಲ್ಲಿ ಹೆಚ್ಚು. ಬದುವಿನಲ್ಲಿ ದುಂಡನೆಯ ತೂತುಗಳಿದ್ದು ನೀರು ಸೋರುತ್ತಿರುತ್ತದೆ.

ಜಂಬುಕೋಳಿ: ಜೊಂಡು ಅಥವಾ ಕೆರೆಯ ಅಂಚಿಗೆ ತಾಗಿದ ಸಾಲುಗಳಲ್ಲಿ ಮಾತ್ರ ಹಾನಿ. ಪೈರು ಸೀಳಿ, ಕಿತ್ತು, ಅಗಿದು ಹಾಕಿದಂತೆ ಇರುತ್ತದೆ. ತುಳಿದ ದಾರಿ ಜೊಂಡಿನ ಕಡೆಗೇ ಹೋಗುತ್ತದೆ.

ಹೆಜ್ಜೆ ಗುರುತುಗಳೂ ಬೇರೆ ಬೇರೆ. ಜಂಬುಕೋಳಿಯದು ಬಹಳ ಉದ್ದನೆಯ ಬಿಡಿ ಬೆರಳುಗಳ ದೊಡ್ಡ ಹೆಜ್ಜೆ. ನಾಮದ ಕೋಳಿಯದರಲ್ಲಿ ಬೆರಳಿನ ಅಂಚು ಹಾಲೆ ಹಾಲೆಯಾಗಿ ಮೂಡುತ್ತದೆ. ಬಾತಿನ ಹೆಜ್ಜೆಯಲ್ಲಿ ಮುಂದಿನ ಮೂರು ಬೆರಳುಗಳಿಗೆ ಜಾಲಪಾದ, ನೀರುಕಾಗೆಯಲ್ಲಿ ನಾಲ್ಕೂ ಬೆರಳುಗಳಿಗೆ ಜಾಲಪಾದ ಇದೆ. ಬೆಳ್ಳಕ್ಕಿಯದು ಸಪೂರ ಬೆರಳಿನ, ಒಂದರ ಮುಂದೆ ಒಂದು ಇಟ್ಟ ಹೆಜ್ಜೆ. ಬೆಳ್ಳಕ್ಕಿಯ ಹೆಜ್ಜೆ ಇರುವಲ್ಲೆಲ್ಲ ಪೈರು ಕತ್ತರಿಸಿದೆಯೇ ಎಂದು ನೋಡಿದರೆ ಸಂಶಯ ಉಳಿಯುವುದಿಲ್ಲ. ಇಲಿಯೋ ಏಡಿಯೋ ಕತ್ತರಿಸಿದ ಗದ್ದೆಗೆ ಬೆಳ್ಳಕ್ಕಿ ಬಂದಿರುವುದು ಕೀಟ, ಕಪ್ಪೆಗಳಿಗಾಗಿ. ಅದನ್ನು ಓಡಿಸಿದರೆ ಕತ್ತರಿಸುವುದು ನಿಲ್ಲುವುದಿಲ್ಲ, ಮಿಡತೆ ತಿನ್ನುವವರು ಮಾತ್ರ ಇಲ್ಲವಾಗುತ್ತಾರೆ.

ಅನುಸರಿಸಬೇಕಾದ ಕ್ರಮಗಳು

ಜಂಬುಕೋಳಿಯ ಹಾನಿ ಖಚಿತವಾದಲ್ಲಿ:

1. ಸಸಿಮಡಿಯನ್ನು ಜೊಂಡಿನಿಂದ ದೂರದಲ್ಲಿ ಮಾಡಬೇಕು.

2. ಗದ್ದೆಗೆ ತಾಗಿ ಬೆಳೆದ ಜೊಂಡನ್ನು ನಾಟಿಗೆ ಮುಂಚೆಯೇ, ಗೂಡುಗಳಿಲ್ಲದ ಸಮಯದಲ್ಲಿ ಒಂದು ಪಟ್ಟಿಯಷ್ಟು ಸವರಿ, ಹಕ್ಕಿ ಮರೆಯಿಲ್ಲದೆ ದಾಟಬೇಕಾದ ಬಯಲು ಉಂಟುಮಾಡಬೇಕು. ಕೆರೆಯ ಜೊಂಡನ್ನೆಲ್ಲ ತೆಗೆಯುವ ಅಗತ್ಯವಿಲ್ಲ.

3. ಆ ಅಂಚಿನಲ್ಲಿ ಮಾತ್ರ ಹೊಳೆಯುವ ರಿಬ್ಬನ್ನನ್ನು ಗೂಟಗಳ ನಡುವೆ ತಿರುಚಿ ಕಟ್ಟಬೇಕು. ಹಕ್ಕಿಗಳು ಒಂದೇ ಉಪಾಯಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ಸ್ಥಳ ಬದಲಿಸುತ್ತಿರಬೇಕು.

4. ಪೈರು ಬೇರು ಬಿಟ್ಟು ತೆಂಡೆ ಬಲಿಯುವವರೆಗೆ ಬೆಳಿಗ್ಗೆ ಮತ್ತು ಸಂಜೆ ಕಾವಲು ಇಡುವುದು ಎಲ್ಲಕ್ಕಿಂತ ಪರಿಣಾಮಕಾರಿ.

ಮೀನು ಕೊಳಗಳಲ್ಲಿ ನೀರುಕಾಗೆಯ ಕಾಟವಿದ್ದರೆ:

1. ಮರಿ ಸಾಕುವ ಸಣ್ಣ ಕೊಳಗಳ ಮೇಲೆ ಬಲೆ ಹೊದಿಸಬೇಕು. ಬಲೆ ಸಡಿಲವಾಗಿದ್ದರೆ ಹಕ್ಕಿಗಳು ಸಿಕ್ಕಿ ಸಾಯುತ್ತವೆ. ಆದುದರಿಂದ ಬಿಗಿಯಾಗಿ ಎಳೆದು ಕಟ್ಟಬೇಕು.

2. ದೊಡ್ಡ ಕೊಳ ಮತ್ತು ಕೆರೆಗಳಿಗೆ ಚಿಕ್ಕ ಮರಿಗಳ ಬದಲು 10 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದಾಗಿ ಬೆಳೆದ ಮರಿಗಳನ್ನು ಬಿಡುವುದು ಲೇಸು.

3. ನೀರಿನಲ್ಲಿ ಅಲ್ಲಲ್ಲಿ ಕೊಂಬೆ, ಬಿದಿರಿನ ಮೆಳೆ ಮುಳುಗಿಸಿಟ್ಟರೆ ಮರಿಗಳಿಗೆ ಅಡಗಲು ಆಸರೆಯಾಗುತ್ತದೆ.

4. ಮರಿ ಕೊಳದ ನಡುವೆ ಹಕ್ಕಿ ಕೂರಲು ಅನುಕೂಲವಾದ ಒಣ ಕಂಬಗಳನ್ನು ತೆಗೆಯಬೇಕು.

ನೀರುಕಾಗೆ ಹಿಡಿಯುವುದೆಲ್ಲ ಸಾಕಿದ ಮೀನೇ ಅಲ್ಲ. ಗೆಂಡೆ ಜಾತಿಯ ಸಾಕುಮೀನುಗಳ ಆಹಾರಕ್ಕೆ ಪೈಪೋಟಿ ಮಾಡುವ ಕಳೆಮೀನುಗಳೂ ಅದರಲ್ಲಿ ಸೇರಿರುತ್ತವೆ.

ವಿಷ, ಉರುಲು, ಬಂದೂಕುಗಳನ್ನು ಯಾವ ಸಂದರ್ಭದಲ್ಲಿಯೂ ಬಳಸಬಾರದು. 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಹೇಳಿದ ಹಕ್ಕಿಗಳನ್ನು ಕೊಲ್ಲುವುದು, ಹಿಡಿಯುವುದು, ಮೊಟ್ಟೆ ಗೂಡುಗಳನ್ನು ನಾಶ ಮಾಡುವುದು ಅಪರಾಧ. ಹರಳು ರೂಪದ ಕೀಟನಾಶಕಗಳನ್ನು ಬಳಸುವಾಗ ಬದುವಿನ ಮೇಲೆ ಚೆಲ್ಲಿದ್ದನ್ನು ಹಾಗೆಯೇ ಬಿಡದೆ ಮಣ್ಣಿನಲ್ಲಿ ಮುಚ್ಚಬೇಕು. ಹಕ್ಕಿಗಳು ಹರಳನ್ನು ಕಾಳೆಂದು ಹೆಕ್ಕಿ ಸಾಯುತ್ತವೆ.

ಹಕ್ಕಿ ಮತ್ತು ಹಳ್ಳಿ

ಹಕ್ಕಿಗಳನ್ನು ಗುರುತಿಸಿ ಬಾಳುವುದು ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಮರದ ಕೆಳಗೆ ಗುಂಡಿ ತೋಡಿ ಹಿಕ್ಕೆಯನ್ನು ಸಂಗ್ರಹಿಸಿ ಗೊಬ್ಬರವಾಗಿ ಹೊಲಗಳಿಗೆ ಹಾಕುವ ಪದ್ಧತಿ ಅಲ್ಲಿನ ರೈತರದು. ಆ ಊರು 2007 ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಕಾವೇರಿಯ ರಂಗನತಿಟ್ಟು 1940 ರಲ್ಲಿ ಪಕ್ಷಿಧಾಮವಾಯಿತು, 2022 ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಮೇವು ಅರಸಿ ಹೋಗುವುದು ಸುತ್ತಲಿನ ನಾಲೆ, ಗದ್ದೆಗಳಿಗೆ. ಧಾಮದ ಗಡಿಯೊಳಗೆ ಎಷ್ಟೇ ರಕ್ಷಣೆ ಇದ್ದರೂ, ಗದ್ದೆಯಲ್ಲಿ ವಿಷ ತಿಂದ ಹಕ್ಕಿಯ ಗೂಡಿನಲ್ಲಿ ಮರಿಗಳು ಉಳಿಯುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಹಕ್ಕಿಯ ಹಾನಿಯೆಂದು ದೂರು ಬಂದಾಗ ಮೊದಲು ರೈತರೊಡನೆ ಬೆಳಗಿನ ಜಾವ ಗದ್ದೆಗೆ ಹೋಗಿ ಕತ್ತರಿಸಿದ ಪೈರು, ಹೆಜ್ಜೆ ಗುರುತು, ಬಿಲ, ಜೊಂಡಿನ ಅಂತರಗಳನ್ನು ನೋಡಬೇಕು. ನಂತರವೇ ಸಲಹೆ ನೀಡಬೇಕು. ಊರಿನಲ್ಲಿ ಹಕ್ಕಿಗೆ ಏನು ಹೆಸರಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಒಂದೇ ಹೆಸರಿನಲ್ಲಿ ಎರಡು ಮೂರು ಜಾತಿಗಳನ್ನು ಕರೆಯುವುದು ಸಾಮಾನ್ಯವಾದುದರಿಂದ, ಹೆಸರಿನ ಜೊತೆಗೆ ಕೊಕ್ಕು ಮತ್ತು ಪಾದದ ಬಣ್ಣವನ್ನು ಕೇಳಿದರೆ ಗೊಂದಲ ಕಡಿಮೆಯಾಗುತ್ತದೆ. ತರಬೇತಿಗಳಲ್ಲಿ ಚಿತ್ರ ತೋರಿಸುವುದಕ್ಕಿಂತ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಲ್ಲಿಸುವುದು ಹೆಚ್ಚು ಫಲ ಕೊಡುತ್ತದೆ.

ನೆನಪಿಡಬೇಕಾದ ಅಂಶಗಳು

ಹಳದಿ ಗಿಡ್ಡ ಕೊಕ್ಕು, ದನದ ಜೊತೆ ನಡಿಗೆ: ಗೋವಕ್ಕಿ.
ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ: ಸಣ್ಣ ಬೆಳ್ಳಕ್ಕಿ.
ಕಪ್ಪು ಪಾದ, ಬಾಯಿಯ ಸೀಳು ಕಣ್ಣಿನ ಕೆಳಗೆ: ಮಧ್ಯಮ ಬೆಳ್ಳಕ್ಕಿ.
ಕಪ್ಪು ಪಾದ, ಬಾಯಿಯ ಸೀಳು ಕಣ್ಣಿನಾಚೆ: ದೊಡ್ಡ ಬೆಳ್ಳಕ್ಕಿ.
ಕುಳಿತರೆ ಮಣ್ಣು, ಹಾರಿದರೆ ಬಿಳಿ: ಕೊಳದ ಬಕ.
ಕೊಕ್ಕೆಯ ತುದಿ: ನೀರುಕಾಗೆ. ಬಾಕುವಿನ ತುದಿ: ಹಾವಕ್ಕಿ.
ಬಿಳಿ ನಾಮ: ನಾಮದ ಕೋಳಿ. ಕೆಂಪು ಕೊಕ್ಕಿಗೆ ಹಳದಿ ತುದಿ: ನೀರುಕೋಳಿ.
ಬಿಳಿ ಎದೆ, ಬಾಲದಡಿ ಇಟ್ಟಿಗೆ ಕೆಂಪು: ಹುಂಡುಕೋಳಿ.
ದಪ್ಪ ಕೆಂಪು ಕೊಕ್ಕು, ಉದ್ದ ಕೆಂಪು ಕಾಲು: ಜಂಬುಕೋಳಿ.

ಗದ್ದೆಗೆ ಬರುವ ಹತ್ತು ಬಗೆಯ ನೀರುಹಕ್ಕಿಗಳಲ್ಲಿ ಪೈರಿಗಾಗಿ ಕಾವಲು ಬೇಕಾದದ್ದು ಮುಖ್ಯವಾಗಿ ಒಂದಕ್ಕೆ. ಆ ಒಂದನ್ನು ಉಳಿದವುಗಳಿಂದ ಬೇರ್ಪಡಿಸಿ ನೋಡಲು ಖರ್ಚೇನೂ ಇಲ್ಲ. ಬೆಳಗಿನ ಸ್ವಲ್ಪ ಹೊತ್ತು ಮತ್ತು ಗಮನವಿಟ್ಟ ಕಣ್ಣು ಇದ್ದರೆ ಸಾಕು.